ಭೂಕಂಪ ನುಂಗಿದ ಮುಖ ಮೊಬೈಲ್‌ನಲ್ಲಿ ಮರಳೀತೆ?

ಉಮರ್ಗಾ: ಸೆಪ್ಟೆಂಬರ್ 30 ಬಂತೆಂದರೆ ನಮ್ಮ ಮನೆಯಲ್ಲಿ ಅವ್ವ ನಸುಕಿನಲ್ಲೇ ಎದ್ದು ಜಳಕ ಮಾಡಿ, ದೇವರ ಜಗಲಿಯ ಬಾಜೂಕ ಒಂದು ಹಳೆಯ ಎಲಿ-ಅಡಕಿ ಸಂಚಿ ಇಟ್ಟು, ಅದರ ಮುಂದೆ ದೀಪ ಹಚ್ಚುತ್ತಾಳೆ. ಸಂಚಿಯ ಬಣ್ಣ ಯಾವುದೆಂದು ಈಗ ಹೇಳಲಿಕ್ಕೆ ಬರುವುದಿಲ್ಲ. ಅದು ಆಯಿಯದು, ಅಂದರೆ ಅವ್ವನ ಅವ್ವನದು. ಸಾಸ್ತೂರ ಕಡೆಯ ಹಳ್ಳಿಯೊಂದರಲ್ಲಿ ಕಲ್ಲುಮಣ್ಣಿನ ರಾಶಿಯೊಳಗಿಂದ ಸಿಕ್ಕಿದ್ದು ಅದೊಂದೇ. ಬೇರೆಯವರ ಮನೆಯಲ್ಲಿ ಸತ್ತವರ ಫೋಟೋಕ್ಕೆ ಹಾರ ಹಾಕುತ್ತಾರೆ, ನಮ್ಮ ಮನೆಯಲ್ಲಿ ಸಂಚಿಗೆ ಹಾಕುತ್ತೇವೆ. ಯಾಕೆಂದರೆ ಆಯಿಯ ಫೋಟೋ ಇರಲಿಲ್ಲ.

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ ಎಂಬುದು ಈ ಭಾಗದ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ. 1993ರ ಸೆಪ್ಟೆಂಬರ್ 30, ನಸುಕಿನ 3 ಗಂಟೆ 56 ನಿಮಿಷ. ಹಿಂದಿನ ದಿನವಷ್ಟೇ ಗಣಪತಿ ಕಳಿಸಿ, ದಣಿದು ಮಂದಿ ಮಲಗಿದ್ದರು. ಕಿಲ್ಲಾರಿ ಸುತ್ತಮುತ್ತ ಭೂಮಿ ನಡುಗಿತು. ಕಲಬುರಗಿ, ಬೀದರ ಕಡೆಗೂ ಮಂದಿ ಮನೆ ಬಿಟ್ಟು ಅಂಗಳಕ್ಕೆ ಓಡಿ ಬಂದಿದ್ದರು. ಲಾತೂರ ಮತ್ತು ಉಸ್ಮಾನಾಬಾದ (ಈಗಿನ ಧಾರಾಶಿವ) ಜಿಲ್ಲೆಗಳಲ್ಲಿ ಸತ್ತವರು ಸರಕಾರಿ ಲೆಕ್ಕದಲ್ಲಿ ಸುಮಾರು 8 ಸಾವಿರ, ಬೇರೆ ಲೆಕ್ಕಗಳಲ್ಲಿ 10 ಸಾವಿರದ ಹತ್ತಿರ. ಭೂಕಂಪ ಬಹಳ ದೊಡ್ಡದೇನಲ್ಲ, ತೀವ್ರತೆ 6.2ರ ಆಸುಪಾಸು. ಜೀವ ತೆಗೆದದ್ದು ನಮ್ಮ ಮನೆಗಳೇ. ಎರಡು ಮೂರು ಅಡಿ ದಪ್ಪದ ಕಲ್ಲಿನ ಗೋಡೆ, ನಡುವೆ ಬರೀ ಮಣ್ಣಿನ ಕೆಸರು, ಮೇಲೆ ಕಟ್ಟಿಗೆ ತೊಲೆ, ಅದರ ಮೇಲೆ ಬೇಸಿಗೆಯಲ್ಲಿ ತಂಪು ಇರಲಿ ಎಂದು ಹಾಕಿದ ಮಣ್ಣಿನ ಮಾಳಗಿ. ಎಲ್ಲವೂ ಮಲಗಿದವರ ಮೇಲೆಯೇ ಬಿತ್ತು. ಹೊಲಕ್ಕೆ ಕಾವಲಿಗೆ ಹೋಗಿ ಮಲಗಿದವರು ಉಳಿದರು. ನಿಲಂಗಾದಲ್ಲಿರುವ ನಮ್ಮ ಸೋದರಮಾವ ಹಾಗೆ ಉಳಿದವರಲ್ಲಿ ಒಬ್ಬರು. ನಾನಾಗ ಐದು ವರ್ಷದವ, ಉಮರ್ಗಾದಲ್ಲಿ ಅಪ್ಪನ ಹೆಗಲ ಮೇಲಿದ್ದೆ ಎಂಬುದಷ್ಟೇ ನೆನಪು.

ಮುಂದಿನದು ಇನ್ನೂ ಕೆಟ್ಟದ್ದು. ಮಳೆ ಹಿಡಿದಿತ್ತು. ಹೆಣಗಳನ್ನು ಇಟ್ಟುಕೊಂಡು ಕೂಡುವ ಹಾಗಿರಲಿಲ್ಲ. ಬಿದ್ದ ಮನೆಗಳ ತೊಲೆಗಳನ್ನೇ ಒಟ್ಟಿ ಸಾಮೂಹಿಕವಾಗಿ ಬೆಂಕಿ ಕೊಟ್ಟರು. ಹೂಳುವ ಪದ್ಧತಿಯ ನಮ್ಮ ಮಂದಿಗೆ ಅದೇ ಒಂದು ದೊಡ್ಡ ಸಂಕಟ. ಭಜನೆ ಇಲ್ಲ, ವಿಭೂತಿ ಇಲ್ಲ, ಕೊನೆಯ ಮುಖ ನೋಡುವುದೂ ಇಲ್ಲ. ಅವ್ವ ತವರಿಗೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. "ನಾ ನೋಡೇ ಇಲ್ಲ, ಹಿಂಗಾಗಿ ನಂಗ ಆಕಿ ಸತ್ತಾಳಂತ ಇನ್ನೂ ಪೂರಾ ಅನಸೂದಿಲ್ಲ" ಎಂದು ಆಕೆ ಒಮ್ಮೆ ಅಂದದ್ದುಂಟು. ಒಮ್ಮೆ ಮಾತ್ರ.

ಫೋಟೋ ಯಾಕಿರಲಿಲ್ಲ?

ಈಗಿನ ಹುಡುಗರಿಗೆ ಇದು ನಂಬಲಿಕ್ಕೆ ಕಷ್ಟ. ಒಬ್ಬ ಮನುಷ್ಯ ಅರವತ್ತು ವರ್ಷ ಬದುಕಿ ಒಂದೂ ಫೋಟೋ ಇಲ್ಲದೆ ಹೋಗುವುದು ಹ್ಯಾಂಗ? ಆದರೆ ವಿಚಾರ ಮಾಡಿ ನೋಡಿ. ಆಗ ರೇಷನ್ ಕಾರ್ಡಿಗೆ ಫೋಟೋ ಬೇಕಿರಲಿಲ್ಲ. ಫೋಟೋ ಇರುವ ಮತದಾರರ ಗುರುತಿನ ಚೀಟಿ ಕೊಡಬೇಕೆಂದು ಚುನಾವಣಾ ಆಯೋಗ ಆದೇಶ ಹೊರಡಿಸಿದ್ದೇ ಅದೇ 1993ರಲ್ಲಿ. ಆಧಾರ ಕಾರ್ಡು ನಮ್ಮದೇ ರಾಜ್ಯದ ನಂದುರಬಾರ ಜಿಲ್ಲೆಯ ಟೆಂಭಲಿ ಎಂಬ ಹಳ್ಳಿಯಲ್ಲಿ ಶುರುವಾದದ್ದು 2010ರಲ್ಲಿ. ಹೊಲ, ಮನೆ, ಸಂತೆ ಬಿಟ್ಟು ಬೇರೆ ಕಡೆ ಹೋಗದ ಹೆಣ್ಣುಮಗಳಿಗೆ ಕ್ಯಾಮೆರಾದ ಮುಂದೆ ನಿಲ್ಲುವ ಪ್ರಸಂಗ ಬರುತ್ತಿದ್ದುದು ಯಾರದಾದರೂ ಲಗ್ನದಲ್ಲಿ ಮಾತ್ರ. ಅದೂ ಹಿಂದಿನ ಸಾಲಿನಲ್ಲಿ, ಸೆರಗು ಮುಖದ ತನಕ ಎಳೆದುಕೊಂಡು. ಆ ಲಗ್ನದ ಫೋಟೋ ಇದ್ದ ಟ್ರಂಕೂ ಮಾಳಗಿಯ ಕೆಳಗೇ ಹೋಯಿತು.

ಆಮೇಲೆ ವಿಶ್ವಬ್ಯಾಂಕಿನ ಸಾಲ ತಂದು ಸರಕಾರ 52 ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಿಸಿತು. ನೆಟ್ಟಗಿನ ರಸ್ತೆ, ಸಾಲು ಮನೆ, ಬೋಳು ಗೋಡೆ. ಪುಣೆಯ ಶಾಂತಿಲಾಲ ಮುಥಾ ಅವರ ಭಾರತೀಯ ಜೈನ ಸಂಘಟನೆ 1200 ಮಕ್ಕಳನ್ನು ಪುಣೆಗೆ ಕರೆದೊಯ್ದು ಓದಿಸಿತು. ಮನೆ ಬಂತು, ಶಾಲೆ ಬಂತು, ಪರಿಹಾರವೂ ಬಂತು. ದುಃಖಕ್ಕೆ ಏನು ಬಂತು ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಕಿಲ್ಲಾರಿಯ ಸ್ಮೃತಿ ಸ್ತಂಭದ ಮುಂದೆ ಪ್ರತಿ ವರ್ಷ ಶ್ರದ್ಧಾಂಜಲಿ ನಡೆಯುತ್ತದೆ, ಅಷ್ಟೇ.

ಹೋದ ದಸರಾಕ್ಕೆ ಉದಗೀರದಲ್ಲಿ ನಮ್ಮ ಚಿಗವ್ವನ (ಅವ್ವನ ಚಿಗವ್ವನ ಮಗಳು) ಮನೆಗೆ ಸುಣ್ಣ ಹಚ್ಚುವಾಗ ಅಟ್ಟದ ಮೇಲಿನ ಪೆಟ್ಟಿಗೆ ಕೆಳಗಿಳಿಯಿತು. ಅದರ ತಳಕ್ಕೆ ಹಾಸಿದ್ದ ಕಾಗದದ ಕೆಳಗೆ ಆಕೆಯ ಲಗ್ನದ ಗುಂಪು ಫೋಟೋ. ಕಪ್ಪು ಬಿಳುಪು, ಒಂದು ಮೂಲೆ ಇಲಿ ತಿಂದಿತ್ತು. ಮೂವತ್ತು ನಲವತ್ತು ಮಂದಿ ನಿಂತಿದ್ದಾರೆ. ಮೂರನೆಯ ಸಾಲಿನ ಎಡಗಡೆ ಕಡೆಯಿಂದ ನಾಲ್ಕನೆಯಾಕೆ ಆಯಿ! ಚಿಗವ್ವ ಫೋನ್ ಮಾಡಿ "ಅಕ್ಕಗ ಹೇಳಬ್ಯಾಡ, ಮೊದಲ ನೀ ಬಂದು ನೋಡು" ಎಂದಳು. ನಾನು ಬೈಕ್ ಹತ್ತಿ ಹೋದೆ. ಆಯಿಯ ಮುಖ ಜೋಳದ ಕಾಳಿನಷ್ಟಿತ್ತು.

ಬೆಳ್ಳಗಾದ ಆಯಿ

ಉಮರ್ಗಾದ ಸ್ಟುಡಿಯೋ ಒಂದರಲ್ಲಿ ಒಬ್ಬ ಹುಡುಗನಿದ್ದಾನೆ, ಇಪ್ಪತ್ತೆರಡು ಇಪ್ಪತ್ಮೂರರ ಪ್ರಾಯ, ಕೆಲಸದಲ್ಲಿ ಚುರುಕು. ಫೋಟೋ ಸ್ಕ್ಯಾನ್ ಮಾಡಿ, ಮೊಬೈಲಿನಲ್ಲಿ ಒಂದು ಆ್ಯಪ್‌ಗೆ ಹಾಕಿ, ಚಹಾ ಬರುವುದರೊಳಗೆ "ತಗೋರಿ ಅಣ್ಣಾ, ರೆಡಿ" ಎಂದ. ಕಲರ್ ಫೋಟೋ. ಸ್ಪಷ್ಟ ಎಂದರೆ ಕೂದಲು ಕೂದಲೂ ಎಣಿಸಬಹುದು. ಖುಷಿಯಿಂದ ಮನೆಗೆ ಒಯ್ದೆ. ಅವ್ವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ "ಇಕಿ ಯಾರ?" ಎಂದಳು.

ಆ ಫೋಟೋದಲ್ಲಿ ಇದ್ದದ್ದು ಒಬ್ಬ ಬೆಳ್ಳನೆಯ, ಸುಕ್ಕಿಲ್ಲದ, ಟಿವಿ ಸೀರಿಯಲ್ಲಿನ ಅತ್ತೆಯಂಥ ಹೆಣ್ಣುಮಗಳು. ಹಣೆಯ ಕುಂಕುಮ ಸ್ಟಿಕರ್ ಆಗಿತ್ತು. ಮೂಗಬಟ್ಟು ಮಾಯ. ಗದ್ದದ ಮೇಲಿನ ಹಚ್ಚಿಬೊಟ್ಟನ್ನು ಆ್ಯಪ್ ಕೊಳೆ ಎಂದು ತಿಳಿದು ಒರೆಸಿ ಹಾಕಿತ್ತು.

ಹೀಗೇಕೆ ಆಗುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು, ಯಾಕೆಂದರೆ ಈಗ ಮನೆಮನೆಯಲ್ಲಿ ಇದನ್ನು ಮಾಡಿಸುತ್ತಿದ್ದಾರೆ. ಸಣ್ಣ ಮುಖದಲ್ಲಿ ಕಣ್ಣು ಹೇಗಿದೆ, ತುಟಿ ಹೇಗಿದೆ ಎಂಬ ಮಾಹಿತಿಯೇ ಇರುವುದಿಲ್ಲ, ನಾಲ್ಕು ಕಪ್ಪು ಚುಕ್ಕೆ ಇರುತ್ತವೆ. ಕೃತಕ ಬುದ್ಧಿಮತ್ತೆ ಎಂದು ನಾವು ಕರೆಯುವ ಈ ಸಾಫ್ಟ್‌ವೇರು ತಾನು ಮೊದಲೇ ನೋಡಿ ಕಲಿತ ಅಸಂಖ್ಯ ಬೇರೆಯವರ ಮುಖಗಳಿಂದ ಖಾಲಿ ಜಾಗವನ್ನು ತುಂಬುತ್ತದೆ. ಅಂದರೆ ಅದು ತೊಳೆದು ತೆಗೆಯುವ ಕೆಲಸವಲ್ಲ, ಊಹಿಸಿ ಬರೆಯುವ ಕೆಲಸ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಮಾಡಿದ 'ಪಲ್ಸ್' ಎಂಬ ಇಂಥದೇ ಸಾಫ್ಟ್‌ವೇರಿಗೆ ಯಾರೋ ಬರಾಕ್ ಒಬಾಮಾ ಅವರ ಮಬ್ಬು ಫೋಟೋ ಕೊಟ್ಟರು. ಅದು ಅವರನ್ನು ಬಿಳಿಯ ಮನುಷ್ಯನನ್ನಾಗಿ ಮಾಡಿತು. ಒಬಾಮಾ ಅವರ ಗತಿಯೇ ಹೀಗಾದರೆ, ಸಾಸ್ತೂರ ಕಡೆಯ ಒಕ್ಕಲುತನದ ಹೆಣ್ಣುಮಗಳನ್ನು ಅದು ಎಲ್ಲಿ ನೋಡಿರುತ್ತದೆ?

ಸತ್ತವರಿಗಾಗಿ ಯಂತ್ರದ ಸಹಾಯ ತೆಗೆದುಕೊಳ್ಳುವುದು ನಮ್ಮಲ್ಲಿ ಹೊಸದೇನಲ್ಲ. ಲಿಂಗಾಯತರ ಮನೆಗಳಲ್ಲಿ ತೀರಿಕೊಂಡವರನ್ನು ಕೂಡಿಸಿ, ವಿಭೂತಿ ಹಚ್ಚಿ, ಹೂ ಏರಿಸಿ, ಮಕ್ಕಳು ಮೊಮ್ಮಕ್ಕಳು ಸುತ್ತ ನಿಂತು ತೆಗೆಸಿಕೊಂಡ ಕೊನೆಯ ಫೋಟೋ ಈಗಲೂ ಅನೇಕರ ಕಡೆ ಇದೆ. ಹೊರಗಿನವರಿಗೆ ಅದು ವಿಚಿತ್ರ ಕಾಣಬಹುದು. ಆದರೆ ಎಷ್ಟೋ ಹಿರಿಯರಿಗೆ ಅದೇ ಮೊದಲನೆಯ ಫೋಟೋ, ಅದೇ ಕೊನೆಯದು. ಆಮೇಲೆ ಆ ಫೋಟೋ ನೋಡಿ ಕಣ್ಣು ತೆರೆದಂತೆ ಚಿತ್ರ ಬರೆದು ಕೊಡುವ ಪೇಂಟರುಗಳು ಬಂದರು. ಅವರ ಹಿಂದೆ ಫೋಟೋಶಾಪ್ ಬಂತು. ಬದುಕಿದ್ದಾಗ ಧೋತರ, ರುಮಾಲು ಬಿಟ್ಟು ಬೇರೆ ಉಡದ ಮುತ್ತ್ಯಾಗಳು ಸತ್ತ ಮೇಲೆ ಕೋಟು, ಟೈ ಹಾಕಿಕೊಂಡು ಕಾಶ್ಮೀರದ ಹೂದೋಟದ ಮುಂದೆ ಕುಳಿತರು! ಈಗ ಚೌಕಗಳಲ್ಲಿ 'ಭಾವಪೂರ್ಣ ಶ್ರದ್ಧಾಂಜಲಿ'ಯ ಫ್ಲೆಕ್ಸ್. ಅದರಲ್ಲಿ ಸತ್ತವರ ಮುಖಕ್ಕಿಂತ ಶ್ರದ್ಧಾಂಜಲಿ ಕೊಡುವವರ ಮುಖವೇ ದೊಡ್ಡದಿರುತ್ತದೆ, ಅದು ಬೇರೆ ಮಾತು.

ಕಾಸರಗೋಡಿನ ಕಲಾವಿದ

ನಮ್ಮಂತೆಯೇ ಗಡಿಯಾಚೆ ಇರುವ ಇನ್ನೊಂದು ಕನ್ನಡದ ನೆಲ ಕಾಸರಗೋಡು. ಅಲ್ಲಿಯ ಕುಂಬಳೆಯ ಕಲಾವಿದ ಕರಣ್ ಆಚಾರ್ಯ ಅವರ ಹೆಸರು ಗೊತ್ತಿಲ್ಲದವರಿಗೂ ಅವರ ಒಂದು ಚಿತ್ರ ಗೊತ್ತು. ಕೇಸರಿ-ಕಪ್ಪು ಬಣ್ಣದ ಸಿಟ್ಟಿನ ಹನುಮಂತ, ಊರೂರ ಜೀಪು, ಆಟೋ, ಬೈಕುಗಳ ಗಾಜಿನ ಮೇಲೆ ಇದ್ದದ್ದು. 2015ರಲ್ಲಿ ಅವರು ಬರೆದದ್ದು ಅದು. ಕಳೆದ ಕೆಲವು ವರ್ಷಗಳಿಂದ ಅವರು ಇನ್ನೊಂದು ಕೆಲಸಕ್ಕೆ ಹೆಸರಾಗಿದ್ದಾರೆ. ತಂದೆ, ತಾಯಿ, ಮಗುವನ್ನು ಕಳೆದುಕೊಂಡವರು ತಮ್ಮಲ್ಲಿ ಉಳಿದಿರುವ ಹರಿದ, ಮಬ್ಬಾದ ಫೋಟೋವನ್ನು ಟ್ವಿಟರ್ (ಈಗಿನ ಎಕ್ಸ್) ಮೂಲಕ ಅವರಿಗೆ ಕಳಿಸುತ್ತಾರೆ. ಇವರು ಕಂಪ್ಯೂಟರಿನಲ್ಲಿ ಅದನ್ನು ಭಾವಚಿತ್ರವಾಗಿ ಬರೆದು, ಹಳೆಯದು ಹೊಸದು ಎರಡನ್ನೂ ಬಾಜೂಬಾಜೂ ಇಟ್ಟು ಮರಳಿ ಕೊಡುತ್ತಾರೆ.

ಆ ಜೋಡಿ ಚಿತ್ರಗಳನ್ನು ನಾನು ಒಂದು ರಾತ್ರಿ ಕುಳಿತು ನೋಡಿದೆ. ಅಲ್ಲಿ ಯಂತ್ರವೂ ಇದೆ, ಆದರೆ ಪೆನ್ನು ಹಿಡಿದ ಕೈ ಮನುಷ್ಯನದು. ಆ್ಯಪ್‌ಗೆ ನಾವು ಏನನ್ನೂ ಹೇಳಲಿಕ್ಕೆ ಬರುವುದಿಲ್ಲ, ಮನುಷ್ಯನಿಗೆ ಹೇಳಬಹುದು. ಸ್ಟುಡಿಯೋದ ಹುಡುಗನ ಬಳಿ ಅವ್ವನನ್ನೇ ಕರೆದುಕೊಂಡು ಹೋಗುವ ವಿಚಾರ ಹೊಳೆದದ್ದು ಆಗಲೇ.

ಮೂರು ಸಂಜೆ ಹೋದೆವು. ಅವ್ವ ಹುಡುಗನ ಬಾಜೂಕ ಪ್ಲಾಸ್ಟಿಕ್ ಖುರ್ಚಿ ಎಳೆದುಕೊಂಡು ಕುಳಿತಳು. ಮೊದಲನೆಯ ದಿನ ಬರೀ "ಅಲ್ಲ, ಅಲ್ಲ" ಎನ್ನುವುದರಲ್ಲೇ ಹೋಯಿತು. ಎರಡನೆಯ ದಿನ ಹುಡುಗ ಆ್ಯಪ್ ಮುಚ್ಚಿ, ಮೂಲ ಫೋಟೋವನ್ನೇ ದೊಡ್ಡದು ಮಾಡಿ, ಪೆನ್ನು ತೆಗೆದುಕೊಂಡು "ಆಯಿ ಹ್ಯಾಂಗಿದ್ರು ಹೇಳ್ರಿ ಮೌಶಿ" ಎಂದು ಮರಾಠಿ ಬೆರೆಸಿ ಕೇಳಿದ. ಅವ್ವ ಹೇಳತೊಡಗಿದಳು. ಬಲಗಡೆ ಮೂಗಬಟ್ಟು. ಒಂದು ಹುಬ್ಬು ತುಸು ಮ್ಯಾಲ, ಯಾಕಂದರೆ ಸಣ್ಣಾಕಿ ಇದ್ದಾಗ ಎತ್ತು ಹಾದಿತ್ತು. ಎಲೆ ತಿಂದು ತಿಂದು ತುಟಿ ಕೆಂಪು. ನಗುವಾಗ ಬಾಯಿಗೆ ಸೆರಗು. ಆ ಎತ್ತಿನ ಹೆಸರು ಏನು, ಯಾವ ಸಂತೆಯಲ್ಲಿ ಕೊಂಡದ್ದು, ಅದು ಬರಗಾಲದ ವರ್ಷ ಹ್ಯಾಂಗ ಮಾರಿಹೋಯಿತು, ಅವತ್ತು ಆಯಿ ಹ್ಯಾಂಗ ಉಣ್ಣಲಿಲ್ಲ... ಹುಡುಗ ಕೆಲಸ ನಿಲ್ಲಿಸಿ ಕೇಳುತ್ತ ಕುಳಿತ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ಗಿರಾಕಿಗಳೂ ನಿಂತು ಕೇಳಿದರು. ಮೂವತ್ತು ವರ್ಷದಲ್ಲಿ ನಾನು ಕೇಳಿರದಷ್ಟು ಮಾತು ಆ ಎರಡು ತಾಸಿನಲ್ಲಿ ಕೇಳಿದೆ. ನಡುವೆ ಅವ್ವ ಅತ್ತಳು, ಹಾಡ್ಯಾಡಿಕೊಂಡು, ಹಳ್ಳಿಯಲ್ಲಿ ಹೆಣದ ಮುಂದೆ ಅಳುವ ಹಾಗೆ. ಸ್ಟುಡಿಯೋದಲ್ಲಿ ಯಾರೂ ಮಾತಾಡಲಿಲ್ಲ.

ಮೂರನೆಯ ಸಂಜೆ ಫೋಟೋ ಆಯಿತು. ಕಪ್ಪು ಬಿಳುಪೇ ಇರಲಿ ಎಂದಳು. ತುಸು ಮಬ್ಬೂ ಇದೆ. ಅವ್ವ ನೋಡಿ "ಹೂಂ" ಎಂದಳು, ಅಷ್ಟೇ.

'ಒಮ್ಮೆ ಕರದ್ರ ಸಾಕು'

ಇಲ್ಲಿಗೆ ಮುಗಿದಿದ್ದರೆ ಈ ಲೇಖನಕ್ಕೆ ಸುಖಾಂತ್ಯ ಸಿಗುತ್ತಿತ್ತು. ಆದರೆ ಫೋಟೋ ನಿಲಂಗಾಕ್ಕೆ ಹೋಯಿತು. ಮಾಮಾ ನೋಡಿದರು. ಎರಡು ದಿನ ಬಿಟ್ಟು ಫೋನ್ ಮಾಡಿ, "ಫೋಟೋ ಮಾತಾಡೂ ಹಂಗ ಮಾಡ್ತಾರಂತಲ್ಲ, ನಮ್ಮವ್ವನ್ನ ಮಾಡಸ್ತೀಯೇನು? ಬ್ಯಾರೇ ಏನೂ ಬ್ಯಾಡ. ಹೆಸರ ಹಿಡಿದು ಒಮ್ಮೆ ಕರದ್ರ ಸಾಕು" ಎಂದರು. ಅವ್ವ ಖಡಾಖಂಡಿತ ಬ್ಯಾಡ ಎಂದಳು. "ಸತ್ತವರನ್ನ ಕುಣಸಬಾರದು" ಎಂಬುದು ಆಕೆಯ ಮಾತು. ಅಣ್ಣ-ತಂಗಿ ನಡುವೆ ಇದಕ್ಕಾಗಿ ಒಂದು ತಿಂಗಳು ಮಾತು ನಿಂತಿತ್ತು.

ಮಾಮಾ ಅವರದು ವಿಚಿತ್ರ ಆಸೆಯೇನೂ ಅಲ್ಲ. ಇಸ್ರೇಲಿನ ಮೈಹೆರಿಟೇಜ್ ಎಂಬ ಕಂಪನಿ 2021ರಲ್ಲಿ ಹಳೆಯ ಫೋಟೋದ ಮುಖ ಕಣ್ಣು ಮಿಟುಕಿಸಿ ತಲೆ ಹೊರಳಿಸುವ ಸೌಲಭ್ಯ ತಂದಾಗ ಜಗತ್ತಿನ ತುಂಬ ಜನ ತಮ್ಮ ಅಜ್ಜ ಅಜ್ಜಿಯರ ಫೋಟೋ ಹಾಕಿ ನೋಡಿದರು. 2020ರಲ್ಲಿ ದಕ್ಷಿಣ ಕೊರಿಯಾದ ಎಂಬಿಸಿ ವಾಹಿನಿ ನಾಲ್ಕು ವರ್ಷದ ಹಿಂದೆ ತೀರಿಹೋದ ಏಳು ವರ್ಷದ ಮಗಳನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿ, ತಾಯಿಯ ಕಣ್ಣಿಗೆ ವಿಆರ್ ಕನ್ನಡಕ ತೊಡಿಸಿ ಭೆಟ್ಟಿ ಮಾಡಿಸಿತು. ನೋಡಿದವರಲ್ಲಿ ಅತ್ತವರೂ ಇದ್ದರು, ಇದು ಕ್ರೌರ್ಯ ಎಂದವರೂ ಇದ್ದರು.

ನಮ್ಮ ಕರ್ನಾಟಕದಲ್ಲೇ ನೋಡಿ. ಕೊಪ್ಪಳದ ಉದ್ಯಮಿ ಶ್ರೀನಿವಾಸ ಗುಪ್ತ ಅವರ ಪತ್ನಿ 2017ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. 2020ರ ಆಗಸ್ಟಿನಲ್ಲಿ ಹೊಸ ಮನೆಯ ಪ್ರವೇಶದ ದಿನ, ಬೆಂಗಳೂರಿನ ಕಲಾವಿದ ಶ್ರೀಧರ ಮೂರ್ತಿ ಸಿಲಿಕೋನ್‌ನಲ್ಲಿ ಮಾಡಿದ ಆಕೆಯ ಮೂರ್ತಿಯನ್ನು ಸೀರೆ ಉಡಿಸಿ ಸೋಫಾದ ಮೇಲೆ ಕೂಡಿಸಿದ್ದರು. ಅದು ಜಗತ್ತಿನ ಪೇಪರುಗಳಲ್ಲಿ ಬಂತು. ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು ಹೋದ ಮೇಲೆ ಅವರ 'ಜೇಮ್ಸ್' ಚಿತ್ರ 2022ರ ಮಾರ್ಚ್ 17ಕ್ಕೆ ಬಂದಾಗ ಅಣ್ಣ ಶಿವರಾಜಕುಮಾರ್ ಧ್ವನಿ ಕೊಟ್ಟಿದ್ದರು. ಮುಂದೆ ಏಪ್ರಿಲ್‌ನಲ್ಲಿ ತಂತ್ರಜ್ಞಾನದಿಂದ ಪುನೀತರದೇ ಧ್ವನಿ ಕೂಡಿಸಿ ಚಿತ್ರವನ್ನು ಮತ್ತೆ ತೋರಿಸಿದರು. ಅಭಿಮಾನಿಗಳಿಗೆ ಅದೊಂದು ಸಮಾಧಾನ. 2024ರಲ್ಲಿ ಎ.ಆರ್. ರೆಹಮಾನ್ 'ಲಾಲ್ ಸಲಾಂ' ಚಿತ್ರದ ಹಾಡಿಗೆ ತೀರಿಹೋದ ಇಬ್ಬರು ಗಾಯಕರ ಧ್ವನಿ ಮರುಸೃಷ್ಟಿಸಿದಾಗ, ಮನೆಯವರ ಒಪ್ಪಿಗೆ ಕೇಳಿ ಸಂಭಾವನೆಯನ್ನೂ ಕೊಟ್ಟಿದ್ದಾಗಿ ತಿಳಿಸಿದ್ದರು. ಒಪ್ಪಿಗೆ ಕೇಳುವ ಆ ಪದ್ಧತಿ ನನಗೆ ಸೇರಿತು.

ಆದರೆ ಪುನೀತ್ ಎಳೆಗೂಸಿದ್ದಾಗಿನಿಂದ ಪರದೆಯ ಮೇಲಿದ್ದವರು, ಅವರ ಧ್ವನಿ ತಾಸುಗಟ್ಟಲೆ ಇದೆ. ಆಯಿಯ ಧ್ವನಿ ಒಂದು ಕ್ಯಾಸೆಟ್ಟಿನಲ್ಲೂ ಇಲ್ಲ. ಹಾಗಿದ್ದರೆ ಫೋಟೋ ಯಾರ ಧ್ವನಿಯಲ್ಲಿ ಮಾತಾಡಬೇಕು? ಇದನ್ನು ಮಾಮಾ ಅವರಿಗೆ ತಿಳಿಸಿ ಹೇಳಿದೆ. ಕೇಳಲಿಲ್ಲ. ಕೊನೆಗೆ ಅವ್ವನಿಗೆ ಹೇಳದೆ ಮಾಡಿಸಿದೆ. ತಪ್ಪೋ ಸರಿಯೋ, ಮಾಡಿಸಿದೆ.

ನಿಲಂಗಾದ ಮನೆಯ ಕಟ್ಟೆಯ ಮೇಲೆ ಕುಳಿತು ಮಾಮಾ ಮೊಬೈಲ್ ಹಿಡಿದರು. ಆಯಿ ಕಣ್ಣು ಮಿಟುಕಿಸಿದಳು, ತುಟಿ ಆಡಿಸಿದಳು. "ಊಟ ಮಾಡಿದೆಯಾ ಮಗನೇ?" ಎಂದಳು. ಬೆಂಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಗಾಡಿ ನಂಬರ್ ಕೂಗುವ ಹೆಣ್ಣುಮಗಳ ಧ್ವನಿ, ಪುಸ್ತಕದ ಕನ್ನಡ. ಆಯಿ ಜನ್ಮದಲ್ಲಿ ಆ ಮಾತು ಆಡಿದಾಕೆಯಲ್ಲ. "ಉಂಡೇನೋ ಯಪ್ಪಾ" ಎನ್ನುವಾಕಿ. ಅರ್ಧ ಕನ್ನಡ, ಅರ್ಧ ಮರಾಠಿ, ಸಿಟ್ಟು ಬಂದರೆ ಪೂರಾ ಮರಾಠಿ. ನಮ್ಮ ಈ ಗಡಿ ಕನ್ನಡವನ್ನು ಇರುವ ಊರಿನಲ್ಲೇ ಕೇಳುವವರಿಲ್ಲ, ಇನ್ನು ಆ ಸಾಫ್ಟ್‌ವೇರಿಗೆ ಯಾರು ಕಲಿಸಿರಬೇಕು?

ಮಾಮಾ ಮೊಬೈಲ್ ಮರಳಿ ಕೊಟ್ಟು, "ಇದು ಟಿವಿ ಹೆಂಗಸಿನ ಧ್ವನಿ ಅದಲೇ" ಎಂದು ಎದ್ದು ಹೋದರು. ನಾನು ಕೆಟ್ಟ ಕೆಲಸ ಮಾಡಿದೆ ಎಂದು ನನಗೆ ಅನಿಸಿತು. ತುಸು ಹೊತ್ತಿಗೆ ಹೊರಗೆ ಬಂದು ಕೇಳಿದರು: "ಧ್ವನಿ ಬಂದ್ ಮಾಡಿ ಕೊಡಲಿಕ್ಕೆ ಬರ್ತದೇನು?" ಕೊಟ್ಟೆ. ಈಗಲೂ ಅವರ ಮೊಬೈಲಿನಲ್ಲಿದೆ. ರಾತ್ರಿ ಮಲಗುವಾಗ ಒಮ್ಮೆ ನೋಡುತ್ತಾರೆಂದು ಅತ್ತಿ ಹೇಳುತ್ತಾಳೆ. ಆಯಿ ಏನೂ ಮಾತಾಡುವುದಿಲ್ಲ, ಬರೀ ನೋಡುತ್ತಾಳೆ. ಹೊಲದಲ್ಲಿ ಮಲಗಿದ ಆ ರಾತ್ರಿಯ ಬಗ್ಗೆ ಮಾಮಾ ಇನ್ನೂ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ಇಂಥ ವಿಡಿಯೋ ನೋಡುವುದರಿಂದ ದುಃಖ ಇಳಿಯುತ್ತದೋ, ಗಾಯ ಹಸಿಯಾಗಿಯೇ ಉಳಿಯುತ್ತದೋ ಎಂಬುದರ ಬಗ್ಗೆ ತಿಳಿದವರಲ್ಲೇ ಒಮ್ಮತವಿಲ್ಲ. ಸತ್ತವರಂತೆ ಮಾತಾಡುವ ಯಂತ್ರಗಳ ಬಗ್ಗೆ 2024ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಬರೆದ ಲೇಖನದಲ್ಲಿ, ಬೇಡವೆನಿಸಿದಾಗ ಅದನ್ನು ಗೌರವದಿಂದ ಬಂದ್ ಮಾಡುವ ವ್ಯವಸ್ಥೆ ಇರಬೇಕು, ಮಕ್ಕಳ ಕೈಗೆ ಕೊಡಬಾರದು ಎಂದಿದ್ದಾರೆ. ಅವ್ವ ಓದಿಲ್ಲ, ಆದರೆ ಆಕೆಯೂ ಹೆಚ್ಚುಕಡಿಮೆ ಅದನ್ನೇ ಅಂದಿದ್ದಳು.

ಧ್ವನಿ ಇದ್ದವರು ಕೇಳಿ

1993ರವರಿಗೆ ಫೋಟೋ ಇಲ್ಲ. 2021ರ ಕೊರೋನಾ ಎರಡನೆಯ ಅಲೆಯಲ್ಲಿ ಹೋದವರದು ತದ್ವಿರುದ್ಧ. ಅವರ ಫೋಟೋ, ವಿಡಿಯೋ, ವಾಟ್ಸಾಪ್ ಧ್ವನಿ ಸಂದೇಶ ಎಲ್ಲ ಇದೆ, ಆದರೆ ಮೊಬೈಲಿನೊಳಗೆ. ದವಾಖಾನೆಯಿಂದ ಹೆಣವನ್ನೂ ಮನೆಗೆ ತರಲಿಕ್ಕೆ ಆಗದ ದಿನಗಳವು, ಕೊನೆಯ ಮುಖ ನೋಡದ ಸಂಕಟ ಮತ್ತೊಮ್ಮೆ ಬಂತು. ನಮ್ಮ ಗಲ್ಲಿಯಲ್ಲಿ ಒಬ್ಬ ಹೆಣ್ಣುಮಗಳು ಗಂಡ ದವಾಖಾನೆಯಿಂದ ಕಳಿಸಿದ ಹತ್ತು ಸೆಕೆಂಡಿನ ಧ್ವನಿಯನ್ನು ದಿನಾ ಕೇಳುತ್ತಿದ್ದಳು. ಮಗ ಹೊಸ ಮೊಬೈಲ್ ತಂದ, ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟ. ಧ್ವನಿ ಹೋಯಿತು. ಆಕೆ ಎರಡನೆಯ ಸಲ ಗಂಡನನ್ನು ಕಳೆದುಕೊಂಡವರ ಹಾಗೆ ಅತ್ತದ್ದನ್ನು ನಾವೆಲ್ಲ ನೋಡಿದ್ದೇವೆ.

ಆದ್ದರಿಂದ ಗೊತ್ತಿರಲಿ. ರಿಚಾರ್ಜ್ ಇಲ್ಲದೆ, ಬಳಕೆ ಇಲ್ಲದೆ 90 ದಿನ ಬಿಟ್ಟರೆ ಸಿಮ್ ಬಂದ್ ಆಗಬಹುದು. ಆಮೇಲೆ ಆ ನಂಬರು ಬೇರೆಯವರಿಗೆ ಹೋಗುತ್ತದೆ. ತೀರಿಕೊಂಡ ಅಪ್ಪನ ನಂಬರಿಗೆ ಹಚ್ಚಿದರೆ ಯಾರೋ "ಕೋಣ್ ಬೋಲತೋಯ್?" ಎಂದಾಗ ಆಗುವ ಹೊಟ್ಟೆಸಂಕಟ ಹೇಳಲಿಕ್ಕೆ ಬಾರದು. ವಾಟ್ಸಾಪ್ ಖಾತೆಯನ್ನು 120 ದಿನ ಯಾರೂ ತೆರೆಯದಿದ್ದರೆ ಕಂಪನಿ ಅಳಿಸಿ ಹಾಕುತ್ತದೆ. ಬೇಕಾದ ಧ್ವನಿ ಸಂದೇಶಗಳನ್ನು 'ಎಕ್ಸ್‌ಪೋರ್ಟ್ ಚಾಟ್' ಮೂಲಕ ತೆಗೆದು ಇ-ಮೇಲ್‌ಗೋ ಪೆನ್‌ಡ್ರೈವ್‌ಗೋ ಹಾಕಿ, ಇಬ್ಬರ ಕಡೆ ಇಡಿ. ಗೂಗಲ್ ಖಾತೆಗೆ ನಮ್ಮ ಹಿಂದೆ ಯಾರು ವಾರಸುದಾರರು ಎಂದು ಮೊದಲೇ ಹೇಳಿಡುವ ಸೌಲಭ್ಯ 2013ರಿಂದ ಇದೆ, ಫೇಸ್‌ಬುಕ್‌ನಲ್ಲಿ 2015ರಿಂದ. ಹೊಲಕ್ಕೆ ವಾರಸಾ ಹಚ್ಚುವ ನಾವು ಇದಕ್ಕೂ ಹಚ್ಚಬಹುದು.

ಹಳೆಯ ಫೋಟೋ ಕಟ್ಟಿನ ಗಾಜಿಗೆ ಅಂಟಿದ್ದರೆ ಕೀಳಲಿಕ್ಕೆ ಹೋಗಬೇಡಿ, ಮುಖವೇ ಗಾಜಿನ ಮೇಲೆ ಉಳಿಯುತ್ತದೆ. ಗಾಜಿನ ಸಮೇತ ಬಾಗಿಲ ಹತ್ತಿರದ ನೆರಳಿನ ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ ಫೋಟೋ ತೆಗೆಯಿರಿ. ಮೂಲವನ್ನು ಸ್ಟುಡಿಯೋದಲ್ಲಿ ಬಿಟ್ಟು ಬರಬೇಡಿ. ಸುಕ್ಕು, ಹಚ್ಚಿ, ಮಚ್ಚಿ ಅಳಿಸಬೇಡ ಎಂದು ಮೊದಲೇ ಹೇಳಿ. ಸತ್ತವರ ಮುಖವನ್ನು ಫುಕ್ಕಟ ಆ್ಯಪ್‌ಗಳಿಗೆ ಹಾಕುವ ಮುಂಚೆ ಅದು ಎಲ್ಲಿ ಹೋಗುತ್ತದೆಂದು ವಿಚಾರ ಮಾಡಿ.

ಇನ್ನೊಂದು ಮಾತು. ವರ್ಷ ಕಳೆದರೂ ಊಟ, ನಿದ್ದೆ, ಕೆಲಸ ಹತ್ತದಷ್ಟು ದುಃಖ ಉಳಿದರೆ ಅದಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ, ಉಪಚಾರವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ 2022ರಿಂದ ಅದಕ್ಕೆ ಜಾಗ ಸಿಕ್ಕಿದೆ. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಇದರಲ್ಲಿ ಮರಾಠಿ, ಕನ್ನಡ ಎರಡೂ ಇವೆ. ದುಡ್ಡು ಬೇಕಾಗಿಲ್ಲ.

ಯಂತ್ರವೇ ಬೇಡ ಎನ್ನುವವರಿಗೆ ಜಪಾನಿನ ಒಂದು ಉದಾಹರಣೆ ಇದೆ. ಒತ್ಸುಚಿ ಎಂಬ ಊರಿನ ಇತಾರು ಸಸಾಕಿ ಎಂಬುವರು ತೀರಿಹೋದ ದಾಯಾದಿ ಸಹೋದರನ ನೆನಪಿಗೆ 2010ರಲ್ಲಿ ತಮ್ಮ ತೋಟದಲ್ಲಿ ಒಂದು ಬಿಳಿ ಡಬ್ಬಿಯಂಥ ಟೆಲಿಫೋನ್ ಬೂತ್ ನಿಲ್ಲಿಸಿದರು. ಒಳಗೆ ತಿರುವುವ ಫೋನ್, ಅದಕ್ಕೆ ತಂತಿಯೇ ಇಲ್ಲ. ಮುಂದಿನ ವರ್ಷ ಭೂಕಂಪ, ಸುನಾಮಿ ಬಂದು ಆ ಊರಿನವರೂ ಬಹಳ ಮಂದಿ ಹೋದರು. ಉಳಿದವರು ಒಬ್ಬೊಬ್ಬರಾಗಿ ಬಂದು ಆ ಫೋನ್ ಎತ್ತಿ ತಮ್ಮವರ ಜೊತೆ ಮಾತಾಡತೊಡಗಿದರು. ಆ ಕಡೆಯಿಂದ ಉತ್ತರ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಇದನ್ನು ಅವ್ವನಿಗೆ ಹೇಳಿದಾಗ "ಮತ್ತ ನಾ ಸಂಚಿ ಮುಂದ ಮಾತಾಡೂದು ಅದೇ ಅಲ್ಲೇನು?" ಎಂದಳು. ಆಕೆ ಸಂಚಿಯ ಜೊತೆ ಮಾತಾಡುತ್ತಾಳೆಂಬುದು ನನಗೆ ಅವತ್ತೇ ಗೊತ್ತಾದದ್ದು.

ಫೋಟೋಕ್ಕೆ ಕಟ್ಟು ಹಾಕಿಸಿ ಗೋಡೆಗೆ ಹಚ್ಚಿದ್ದೇವೆ. ಸಂಚಿ ಅದರ ಕೆಳಗಿದೆ. ಒಂದು ಪ್ರತಿ ಉದಗೀರಕ್ಕೂ ಕಳಿಸಿದೆ. ಚಿಗವ್ವ ನೋಡಿ, ಮೂಗಬಟ್ಟು ಎಡಗಡೆ ಇತ್ತು, ಬಲಗಡೆ ಅಲ್ಲ ಎಂದು ಹಟ ಹಿಡಿದಿದ್ದಾಳೆ. ಅಕ್ಕ-ತಂಗಿ ಈಗ ದಿನಕ್ಕೊಮ್ಮೆ ಫೋನಿನಲ್ಲಿ ಇದೇ ವಾದ ಮಾಡುತ್ತಾರೆ. ಸ್ಟುಡಿಯೋದ ಹುಡುಗ ಎರಡೂ ಥರ ಮಾಡಿ ಇಟ್ಟಿದ್ದಾನೆ.